ಮನೆಯ ನಲ್ಲಿ ಒಡೆದಾಗ

ಮನೆಯಲ್ಲಿ ನೀರಿನ ಆಪತ್ತು ಹೇಳಿ ಕೇಳಿ ಬರುವುದಿಲ್ಲ. ಹಳೆಯ ನಲ್ಲಿಯ ತಿರುಪು ಕೈಗೇ ಕಿತ್ತು ಬರುತ್ತದೆ. ಗೋಡೆಯೊಳಗಿನ ಕೊಳವೆ ಬಿರಿದು ಸುಣ್ಣದ ಮೇಲೆ ಒದ್ದೆಯ ಮಚ್ಚೆ ಹಬ್ಬತೊಡಗುತ್ತದೆ. ಬಚ್ಚಲಿನ ನೀರು ಹೊರಗೆ ಹೋಗುವ ಬದಲು ಒಳಗೇ ಏರಿಬರುತ್ತದೆ. ಇದೆಲ್ಲ ಆಗುವುದು ರಾತ್ರಿಯೋ ಹಬ್ಬದ ದಿನವೋ ಆದರಂತೂ ಹೇಳುವುದೇ ಬೇಡ. ಆಗ ಎಲ್ಲರ ಬಾಯಲ್ಲೂ ಬರುವ ಮೊದಲ ಮಾತು, "ಪ್ಲಂಬರಿಗೆ ಹೇಳಿಕಳುಹಿಸಿ" ಎಂಬುದು. ಮಾತೇನೋ ಸರಿಯೆ. ಆದರೆ ಅವರು ಬರುವವರೆಗಿನ ಒಂದೆರಡು ಗಂಟೆಯ ಹೊತ್ತು ಮನೆಯವರ ಕೈಯಲ್ಲಿರುತ್ತದೆ. ನಷ್ಟದ ಬಹುಪಾಲು ಆಗುವುದು ಆ ಹೊತ್ತಿನಲ್ಲಿಯೇ. ಒಮ್ಮೊಮ್ಮೆ ಪ್ರಾಣಕ್ಕೆ ಎರವಾಗುವುದೂ ಆಗಲೇ. ಆ ಹೊತ್ತಿನಲ್ಲಿ ಮಾಡತಕ್ಕದ್ದೇನು, ಮಾಡಲೇಬಾರದ್ದೇನು ಎಂಬುದನ್ನು ನಾವು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ನಮ್ಮ ಹಿರಿಯರ ನೀರು ಬಾವಿಯಲ್ಲಿತ್ತು. ಹಗ್ಗ ಹರಿದರೆ ಬಿಂದಿಗೆ ಮುಳುಗುತ್ತಿತ್ತೇ ಹೊರತು ಮನೆ ಮುಳುಗುತ್ತಿರಲಿಲ್ಲ. ಬೆಂಗಳೂರಿಗೆ ೧೮೯೬ರಲ್ಲಿ ಹೆಸರಘಟ್ಟದ ಕೆರೆಯಿಂದ ಕೊಳವೆಯ ನೀರು ಬಂತು. ೧೯೭೪ರಲ್ಲಿ ಕಾವೇರಿಯ ನೀರು, ಸುಮಾರು ೧೦೦ ಕಿಲೋಮೀಟರು ದೂರದಿಂದ, ಪಂಪುಗಳ ಬಲದಿಂದ ಸುಮಾರು ೫೦೦ ಮೀಟರು ಎತ್ತರ ಏರಿ ಬಂತು. ಇಂದು ಊರು ಯಾವುದೇ ಇರಲಿ, ಅಡುಗೆಮನೆ, ಬಚ್ಚಲಮನೆ, ಮಹಡಿ ಎಲ್ಲೆಡೆಯೂ ನಲ್ಲಿಯುಂಟು. ಈ ಅನುಕೂಲದ ಜೊತೆಗೆ ಒಂದು ಹೊಸ ಸಂಗತಿಯೂ ಮನೆಯೊಳಗೆ ಬಂದಿದೆ. ಬಾವಿಯ ನೀರನ್ನು ನಾವು ಸೇದಬೇಕಾಗಿತ್ತು. ಕೊಳವೆಯ ನೀರು ಹಗಲೂ ರಾತ್ರಿ ಗೋಡೆಯನ್ನು ಒತ್ತಿಕೊಂಡು ನಿಂತಿರುತ್ತದೆ, ದಾರಿ ಸಿಕ್ಕಿದ ಕೂಡಲೆ ತಾನಾಗಿ ಹೊರಡುತ್ತದೆ. ಆದುದರಿಂದ ನೀರಿನ ಆಪತ್ತಿನಲ್ಲಿ ಮೊದಲ ಸೂತ್ರ ಒಂದೇ: ಮೊದಲು ನಿಲ್ಲಿಸಿ, ಆಮೇಲೆ ದುರಸ್ತಿ ಮಾಡಿ. ಒಡೆದ ಜಾಗಕ್ಕೆ ಕೈಯೊಡ್ಡಿ ನಿಂತವರು ಕೈ ತೆಗೆಯುವಂತಿಲ್ಲ, ಬೇರೆ ಏನನ್ನೂ ಮಾಡುವಂತಿಲ್ಲ. ನೀರು ಎಲ್ಲಿಂದ ಬರುತ್ತಿದೆಯೋ ಅಲ್ಲಿಗೆ ಹೋಗಬೇಕು.

ಮೂರು ದಾರಿ, ಮೂರು ತಡೆ

ನಮ್ಮ ಪಟ್ಟಣದ ಮನೆಗಳಲ್ಲಿ ನೀರಿಗೆ ಮೂರು ದಾರಿಗಳುಂಟು. ಬೀದಿಯ ಕೊಳವೆಯಿಂದ ಮೀಟರನ್ನು ದಾಟಿ ನೆಲದಡಿಯ ಸಂಪಿಗೆ ಬರುವುದು ಮೊದಲನೆಯದು. ಸಂಪಿನಿಂದ ಮೋಟಾರಿನ ಮೂಲಕ ಮಹಡಿಯ ತೊಟ್ಟಿಗೆ ಏರುವುದು ಎರಡನೆಯದು. ತೊಟ್ಟಿಯಿಂದ ಇಳಿದು ಮನೆಯ ನಲ್ಲಿಗಳಿಗೆ ಹಂಚಿಹೋಗುವುದು ಮೂರನೆಯದು. ಒಡೆದಿರುವುದು ಯಾವ ದಾರಿ ಎಂದು ತಿಳಿಯುವುದು ಕಷ್ಟವಲ್ಲ. ಬೀದಿಯ ನೀರು ಬಂದಾಗ ಮಾತ್ರ ಸೋರಿದರೆ ಮೊದಲನೆಯದು. ಮೋಟಾರು ಹಾಕಿದಾಗ ಮಾತ್ರ ಸೋರಿದರೆ ಎರಡನೆಯದು. ಯಾವಾಗಲೂ ಸೋರುತ್ತಿದ್ದರೆ ಬಹುಮಟ್ಟಿಗೆ ಮೂರನೆಯದು.

ತಡೆಯೂ ಮೂರು. ಬೀದಿಯ ನೀರಿಗೆ ಮೀಟರಿನ ಬಳಿಯ ವಾಲ್ವು. ಏರುವ ನೀರಿಗೆ ಮೋಟಾರಿನ ಸ್ವಿಚ್ಚು. ಇಳಿಯುವ ನೀರಿಗೆ ತೊಟ್ಟಿಯ ಬುಡದಲ್ಲಿ ಕೊಳವೆ ಹೊರಡುವ ಕಡೆಯ ವಾಲ್ವು. ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳ ಕೆಲವು ವಾರ್ಡುಗಳಲ್ಲಿ ೨೦೦೮ರಲ್ಲಿ ದಿನದ ೨೪ ಗಂಟೆಯೂ ನೀರು ಕೊಡುವ ಏರ್ಪಾಟು ಆರಂಭವಾಯಿತು. ಇಂಥ ಏರ್ಪಾಟು ಇರುವ ಕಡೆ ಬೀದಿಯ ಕೊಳವೆಯಲ್ಲಿ ಎಂದೂ ಒತ್ತಡವಿರುವುದರಿಂದ, ಮೀಟರಿನ ಬಳಿಯ ವಾಲ್ವೇ ಮುಖ್ಯ. ಸೂರ್ಯನ ಶಾಖದಿಂದ ನೀರು ಕಾಯಿಸುವ ಸೋಲಾರು ಇದ್ದರೆ ಅದರ ಬಿಸಿನೀರಿನ ಕೊಳವೆಗೆ ಬೇರೆಯೇ ವಾಲ್ವಿರುತ್ತದೆ. ತಣ್ಣೀರನ್ನು ಮುಚ್ಚಿ ಸುಮ್ಮನಾದರೆ ಬಿಸಿನೀರು ಸುರಿಯುತ್ತಲೇ ಇದ್ದೀತು, ಮೈ ಸುಟ್ಟೀತು.

ಈ ವಾಲ್ವುಗಳು ಎಲ್ಲಿವೆಯೆಂದು ನಿಮ್ಮ ಮನೆಯಲ್ಲಿ ಎಷ್ಟು ಜನಕ್ಕೆ ಗೊತ್ತು? ಮನೆ ಕಟ್ಟಿಸಿದ ಯಜಮಾನರಿಗೆ ಗೊತ್ತಿರುತ್ತದೆ. ಅವರು ಹಗಲೆಲ್ಲ ಹೊರಗಿರುತ್ತಾರೆ. ಮನೆಯಲ್ಲಿರುವ ಅಜ್ಜಿಗೂ ಸೊಸೆಗೂ ಗೊತ್ತಿರುವುದಿಲ್ಲ. ಬಾಡಿಗೆ ಮನೆಯಾದರೆ ಯಾರಿಗೂ ಗೊತ್ತಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯಿದೆಯಲ್ಲ, ನೀರು ನುಗ್ಗಿದಾಗ ವಾಲ್ವು ಹುಡುಕುವುದೂ ಅದೇ ಜಾತಿಯ ಕೆಲಸ. ಬರುವ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು, ಮಕ್ಕಳನ್ನೂ ಕರೆದುಕೊಂಡು, ಮೂರೂ ದಾರಿಗಳನ್ನು ನಡೆದು ನೋಡಿ. ಪ್ರತಿ ವಾಲ್ವಿಗೂ ಒಂದು ಚೀಟಿ ಕಟ್ಟಿ. ಅದು ಯಾವುದನ್ನು ನಿಲ್ಲಿಸುತ್ತದೆಂದು ಬರೆಯಿರಿ.

ಹಾಗೆಯೇ ಒಂದೊಂದನ್ನೂ ತಿರುಗಿಸಿ ನೋಡಿ. ಚಕ್ರದ ಹಿಡಿಯಿರುವ ಗೇಟ್ ವಾಲ್ವನ್ನು ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿದರೆ ಮುಚ್ಚುತ್ತದೆ. ಉದ್ದ ಹಿಡಿಯ ಬಾಲ್ ವಾಲ್ವಿನಲ್ಲಿ ಹಿಡಿಯು ಕೊಳವೆಯ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡಲಾಗಿದ್ದರೆ ಮುಚ್ಚಿದೆ. ವರ್ಷಗಟ್ಟಲೆ ಮುಟ್ಟದ ಗೇಟ್ ವಾಲ್ವು ಕಿಲುಬು ಹಿಡಿದು ಕಚ್ಚಿಕೊಂಡಿರುತ್ತದೆ. ದೊಡ್ಡ ಸ್ಪ್ಯಾನರು ಹಾಕಿ ಒಮ್ಮೆಲೇ ತಿರುಚಿದರೆ ಅದರ ಕಡ್ಡಿಯೇ ಮುರಿದು ಆಪತ್ತು ಎರಡಾಗುತ್ತದೆ. ಒಂದೆರಡು ಹನಿ ಎಣ್ಣೆ ಬಿಟ್ಟು, ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವಾಗಿ ಆಡಿಸಿ ಸಡಿಲ ಮಾಡಿಕೊಳ್ಳಿ. ಪೂರ್ತಿ ತೆರೆದ ಮೇಲೆ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿಟ್ಟರೆ ಮುಂದಿನ ಸಲ ಕಚ್ಚಿಕೊಳ್ಳುವುದಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಹೀಗೆ ಆಡಿಸಿದರೆ ಸಾಕು.

ಮೊದಲ ಐದು ನಿಮಿಷ

ಹದಿನೈದು ಲೀಟರಿನ ಬಕೆಟ್ಟು ತುಂಬಲು ಒಂದೂವರೆ ನಿಮಿಷ ಹಿಡಿಯುವ ಸಾಧಾರಣ ನಲ್ಲಿಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ನಿಮಿಷಕ್ಕೆ ಹತ್ತು ಲೀಟರಾಯಿತು. ಆ ನಲ್ಲಿ ಕಿತ್ತುಬಂದರೆ ನೀರು ಇನ್ನೂ ಜೋರಾಗಿಯೇ ಹರಿಯುತ್ತದೆ. ಹತ್ತೇ ಲೀಟರೆಂದುಕೊಂಡರೂ ೧,೦೦೦ ಲೀಟರಿನ ತೊಟ್ಟಿ ಒಂದು ಗಂಟೆ ನಲವತ್ತು ನಿಮಿಷದಲ್ಲಿ ನಿಮ್ಮ ನಡುಮನೆಗೆ ಬಂದಿರುತ್ತದೆ. ಐದು ನಿಮಿಷದಲ್ಲಿ ನಿಲ್ಲಿಸಿದರೆ ಬಂದದ್ದು ಐವತ್ತು ಲೀಟರು. ಅದನ್ನು ಗೋಣಿಚೀಲ ಹಾಕಿ ಒರೆಸಿ ಮುಗಿಸಬಹುದು.

ಮೇಲಿನ ವಾಲ್ವು ಮುಚ್ಚಿದ ಮೇಲೂ ಕೊಳವೆಯೊಳಗೆ ನಿಂತ ನೀರು ಇನ್ನಷ್ಟು ಹೊತ್ತು ಸೋರುತ್ತದೆ. ಆಗ ಮನೆಯ ಅತ್ಯಂತ ಕೆಳಗಿನ ನಲ್ಲಿಯನ್ನು, ಸಾಧ್ಯವಾದರೆ ಅಂಗಳದ್ದನ್ನು, ತೆರೆದುಬಿಡಿ. ಉಳಿದ ನೀರು ಆ ದಾರಿಯಿಂದ ಹೋಗುತ್ತದೆ. ತೊಟ್ಟಿಗೆ ವಾಲ್ವೇ ಇಲ್ಲದಿದ್ದರೆ, ಅಥವಾ ಇದ್ದೂ ಮುಚ್ಚದಿದ್ದರೆ, ಒಳಗಿನಿಂದ ತೂತನ್ನು ಮುಚ್ಚುವ ಉಪಾಯವುಂಟು. ತೂತಿಗಿಂತ ದಪ್ಪವಾದ ಮರದ ಬಿರಡೆಗೆ ಬಟ್ಟೆ ಸುತ್ತಿ, ಗಟ್ಟಿ ಹುರಿ ಕಟ್ಟಿ, ತೊಟ್ಟಿಯೊಳಗಿನ ಬಾಯಿಗೆ ಒತ್ತಿದರೆ ನೀರಿನ ಭಾರವೇ ಅದನ್ನು ಹಿಡಿದುಕೊಳ್ಳುತ್ತದೆ. ಹುರಿಯ ಇನ್ನೊಂದು ತುದಿಯನ್ನು ಹೊರಗೆ ಕಟ್ಟಿಡುವುದನ್ನು ಮರೆಯಬೇಡಿ. ಬರಿಯ ಬಟ್ಟೆಯನ್ನು ತುರುಕಿದರೆ ಅದು ಕೊಳವೆಯೊಳಕ್ಕೆ ಇಳಿದುಹೋಗಿ ಮತ್ತೊಂದು ಕೆಲಸ ಹಚ್ಚುತ್ತದೆ. ಕತ್ತಲಲ್ಲಿ, ಮಳೆಯಲ್ಲಿ, ಒಬ್ಬರೇ ತೊಟ್ಟಿಯ ಮೇಲೆ ಹತ್ತಬೇಡಿ. ನೀರು ಹೋದರೆ ತರಿಸಬಹುದು.

ನೀರಿಗೂ ವಿದ್ಯುತ್ತಿಗೂ ಆಗುವುದಿಲ್ಲ. ಸೋರುವ ನೀರು ಸ್ವಿಚ್ಚುಗಳ ಹಲಗೆಯ ಕಡೆಗೆ ಹರಿಯುತ್ತಿದ್ದರೆ, ಅಥವಾ ದೀಪದ ಬುಡದಿಂದ ತೊಟ್ಟಿಕ್ಕುತ್ತಿದ್ದರೆ, ಆ ಕೋಣೆಯ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಮುಖ್ಯ ಸ್ವಿಚ್ಚು ಒಣಗಿದ ಜಾಗದಲ್ಲಿದ್ದರೆ, ಕೈ ಒರೆಸಿಕೊಂಡು, ಒಣಗಿದ ಮರದ ಹಲಗೆಯ ಮೇಲೆ ನಿಂತು ಅದನ್ನು ಆರಿಸಿ. ಮುಖ್ಯ ಸ್ವಿಚ್ಚೇ ನೆನೆದಿದ್ದರೆ, ಅಥವಾ ಅಲ್ಲಿಗೆ ಹೋಗಲು ನೀರಿನಲ್ಲಿ ಕಾಲಿಡಬೇಕಾಗಿದ್ದರೆ, ಹೊರಗೆ ಬಂದು ವಿದ್ಯುತ್ ಕಂಪನಿಯ ೧೯೧೨ ಸಂಖ್ಯೆಗೆ ಕರೆ ಮಾಡಿ.

ಗೀಸರಿನ ವಿಷಯದಲ್ಲಿ ಎರಡು ಮಾತು. ತೊಟ್ಟಿ ಬರಿದಾಗಿದ್ದಾಗ ಗೀಸರು ಹಾಕಬೇಡಿ. ಅದರ ಪಕ್ಕದ ಸುರಕ್ಷಾ ವಾಲ್ವು ನೀರು ಕಾಯುವಾಗ ನಾಲ್ಕು ಹನಿ ಬಿಟ್ಟರೆ ಅದು ಕೆಟ್ಟಿದೆಯೆಂದಲ್ಲ. ಕಾದ ನೀರು ಹಿಗ್ಗುತ್ತದೆ, ಹಿಗ್ಗಿದ್ದಕ್ಕೆ ದಾರಿ ಬೇಕು, ಆ ದಾರಿಯೇ ಅದು. ಸೋರುತ್ತದೆಂದು ಅದಕ್ಕೆ ಬಿರಡೆ ಹೊಡೆದರೆ ಗೀಸರು ಸಿಡಿಯುವ ಅಪಾಯವುಂಟು. ಬಿಡದೆ ಸುರಿಯುತ್ತಿದ್ದರೆ ಗೀಸರನ್ನು ಆರಿಸಿ, ಅದಕ್ಕೆ ಹೋಗುವ ನೀರನ್ನು ಮುಚ್ಚಿ, ಬಲ್ಲವರನ್ನು ಕರೆಸಿ.

ತಾತ್ಕಾಲಿಕ ಉಪಾಯಗಳು

ನೀರು ನಿಂತ ಮೇಲೆ ಮನಸ್ಸೂ ನಿಲ್ಲುತ್ತದೆ. ಆಗ ದುರಸ್ತಿಯ ಯೋಚನೆ. ಕೊಳವೆಯಲ್ಲಿ ಸಣ್ಣ ಬಿರುಕಿದ್ದರೆ, ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ, ಬಿರುಕಿನ ಎರಡು ಕಡೆಗೂ ನಾಲ್ಕು ಬೆರಳು ಮುಂದೆ ಹೋಗುವಂತೆ ಎಳೆದೆಳೆದು ಸುತ್ತಿ, ಮೇಲೆ ತಂತಿಯಿಂದಲೋ ಕ್ಲಿಪ್ಪಿನಿಂದಲೋ ಬಿಗಿಯಿರಿ. ಅಂಗಡಿಯಲ್ಲಿ ಸಿಗುವ ಎರಡು ಬಗೆಯ ಲೇಪವನ್ನು ಕಣಕದಂತೆ ನಾದಿ ಮೆತ್ತುವುದೂ ಉಂಟು. ಆದರೆ ಕೊಳವೆ ಒಣಗಿರಬೇಕು, ಲೇಪ ಗಟ್ಟಿಯಾಗುವವರೆಗೆ ನೀರು ಬಿಡಕೂಡದು. ಇವೆರಡೂ ಪ್ಲಂಬರು ಬರುವವರೆಗಿನ ಮಾತು. ಪಿ.ವಿ.ಸಿ. ಕೊಳವೆ ಉದ್ದಕ್ಕೆ ಸೀಳಿದ್ದರೆ ಆ ತುಂಡನ್ನೇ ಕತ್ತರಿಸಿ ಹೊಸದನ್ನು ಜೋಡಿಸಬೇಕು. ಮೇಲೆ ಬಳಿದ ಅಂಟು ನಿಲ್ಲುವುದಿಲ್ಲ.

ನಲ್ಲಿ ಕಿತ್ತುಬಂದ ಕಡೆ ಬಟ್ಟೆ ಸುತ್ತಿದ ಮರದ ಬೆಣೆ ಸಾಕು. ಹೊಸ ನಲ್ಲಿ ಹಾಕುವಾಗ ಅದರ ಮರೆಗಳಿಗೆ ಬಿಳಿಯ ಟೆಫ್ಲಾನ್ ಟೇಪನ್ನು, ನಲ್ಲಿಯನ್ನು ತಿರುಗಿಸಿ ಬಿಗಿಯುವ ದಿಕ್ಕಿನಲ್ಲಿಯೇ ಸುತ್ತಬೇಕು. ತಿರುಗುಮುರುಗಾದರೆ ಬಿಗಿಯುವಾಗ ಟೇಪು ಬಿಚ್ಚಿಕೊಂಡು ಬರುತ್ತದೆ.

ತೊಟ್ಟಿ ತುಂಬಿದ ಮೇಲೂ ನೀರು ಬರುತ್ತಲೇ ಇದ್ದರೆ ಮೊದಲು ಮೋಟಾರು ಆರಿಸಿ. ಬೀದಿಯ ನೀರೇ ತಾನಾಗಿ ಏರುವ ಮನೆಯಲ್ಲಿ ತೊಟ್ಟಿಯೊಳಗಿನ ಚೆಂಡಿನ ವಾಲ್ವು ಕೆಟ್ಟಿರುತ್ತದೆ. ತೊಟ್ಟಿಯ ಬಾಯಿಗೆ ಅಡ್ಡವಾಗಿ ಒಂದು ಕೋಲಿಟ್ಟು, ಚೆಂಡಿನ ತೋಳನ್ನು ಮೇಲಕ್ಕೆತ್ತಿ ಹುರಿಯಿಂದ ಕೋಲಿಗೆ ಕಟ್ಟಿದರೆ, ವಾಲ್ವು ತೀರ ಸವೆದಿಲ್ಲದಿದ್ದಲ್ಲಿ, ನೀರು ನಿಲ್ಲುತ್ತದೆ. ಮೋಟಾರು ಓಡುತ್ತಿದ್ದರೂ ನೀರು ಏರದಿದ್ದರೆ ಕೂಡಲೆ ಆರಿಸಿ. ಒಣಗಿ ಓಡಿದ ಮೋಟಾರು ಸುಟ್ಟುಹೋಗುತ್ತದೆ.

ತೊಟ್ಟಿಕ್ಕುವ ನಲ್ಲಿಯನ್ನು ಆಪತ್ತೆಂದು ಯಾರೂ ಎಣಿಸುವುದಿಲ್ಲ. ಸೆಕೆಂಡಿಗೆ ಒಂದು ಹನಿಯಾದರೆ ದಿನಕ್ಕೆ ೮೬,೪೦೦ ಹನಿ. ನಾಲ್ಕು ಹನಿಗೆ ಒಂದು ಮಿಲಿಲೀಟರಿನ ಲೆಕ್ಕದಲ್ಲಿ ಇಪ್ಪತ್ತೊಂದು ಲೀಟರಿಗೂ ಹೆಚ್ಚು. ಹಳೆಯ ಮಾದರಿಯ ನಲ್ಲಿಯಾದರೆ ಒಳಗಿನ ವಾಷರು ಬದಲಾಯಿಸಿದರೆ ತೀರಿತು. ಕಾಲು ಸುತ್ತಿಗೆ ಮುಚ್ಚುವ ಹೊಸ ನಲ್ಲಿಗಳಲ್ಲಿ ಅಂಥ ವಾಷರಿಲ್ಲ, ಒಳಗಿನ ಬಿಡಿಭಾಗವನ್ನೇ ಇಡಿಯಾಗಿ ಬದಲಾಯಿಸಬೇಕು. ಕಾಣದ ಸೋರಿಕೆಯನ್ನು ಹಿಡಿಯುವುದೂ ಸುಲಭ. ಸಂಪಿಗೆ ನೀರು ಬಾರದ ರಾತ್ರಿ ಎಲ್ಲ ನಲ್ಲಿಗಳನ್ನೂ ಮುಚ್ಚಿ, ತೊಟ್ಟಿಯಲ್ಲೂ ಸಂಪಿನಲ್ಲೂ ನೀರಿನ ಮಟ್ಟಕ್ಕೆ ಗುರುತು ಹಾಕಿ ಮಲಗಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಕಳ್ಳ ಮನೆಯಲ್ಲೇ ಇದ್ದಾನೆ. ಪಾಯಿಖಾನೆಯ ಫ್ಲಷ್ ತೊಟ್ಟಿಯ ಮೇಲೆ ಅನುಮಾನವಿದ್ದರೆ, ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಅದರೊಳಗೆ ಬಿಡಿ. ಕಾಲು ಗಂಟೆಯೊಳಗೆ ಕೆಳಗಿನ ಬೇಸಿನ್ನಿನಲ್ಲಿ ನೀಲಿ ಕಂಡರೆ ಅಲ್ಲಿ ಸೋರಿಕೆಯಿದೆ.

ಕಟ್ಟಿಕೊಂಡ ಬಚ್ಚಲು

ಒಳಗೆ ಬರುವ ನೀರಿಗಿಂತ ಹೊರಗೆ ಹೋಗದ ನೀರು ಕೆಟ್ಟದ್ದು. ಅಡುಗೆಮನೆಯ ತೊಟ್ಟಿ ಕಟ್ಟಿಕೊಳ್ಳುವುದು ಜಿಡ್ಡಿನಿಂದ, ಬಚ್ಚಲು ಕೂದಲಿನಿಂದ. ಜಿಡ್ಡಿಗೆ ಸಾಬೂನಿನ ಪುಡಿ ಹಾಕಿದ ಬಿಸಿನೀರು. ಕೂದಲಿಗೆ ಬಾಗಿದ ತಂತಿಯ ಕೊಕ್ಕೆ. ರಬ್ಬರಿನ ಬಟ್ಟಲಿಗೆ ಹಿಡಿ ಹಾಕಿದ ಪಂಪು ಮನೆಯಲ್ಲಿದ್ದರೆ ಅದರ ಬಟ್ಟಲು ನೀರಿನಲ್ಲಿ ಮುಳುಗುವಷ್ಟು ನೀರು ನಿಲ್ಲಿಸಿ, ಒತ್ತುವುದಕ್ಕಿಂತ ಎಳೆಯುವುದಕ್ಕೆ ಹೆಚ್ಚು ಬಲ ಕೊಡಿ. ಪಾಯಿಖಾನೆ ಕಟ್ಟಿಕೊಂಡಾಗ ಎರಡನೆಯ ಸಲ ಫ್ಲಷ್ ಎಳೆಯಬೇಡಿ; ಮೊದಲ ಸಲದ ನೀರು ಇಳಿಯುವವರೆಗೆ ಕಾಯಿರಿ.

ಬಚ್ಚಲಿಗೆ ಆಮ್ಲ ಸುರಿದು, ಅದು ಸಾಲದೆಂದು ಬ್ಲೀಚಿಂಗ್ ಪುಡಿಯನ್ನೂ ಸುರಿಯುವವರುಂಟು. ಇವೆರಡೂ ಸೇರಿದರೆ ಕ್ಲೋರೀನ್ ಅನಿಲ ಏಳುತ್ತದೆ. ಗಾಳಿಯಾಡದ ಸಣ್ಣ ಬಚ್ಚಲಮನೆಯಲ್ಲಿ ಅದು ಶ್ವಾಸಕೋಶವನ್ನು ಸುಡುವ ವಿಷ. ಯಾವ ಎರಡು ರಾಸಾಯನಿಕಗಳನ್ನೂ ಬೆರೆಸಬೇಡಿ. ಒಂದನ್ನು ಹಾಕಿದ್ದರೆ, ಆಮೇಲೆ ಕೈಯಿಕ್ಕಲು ಬರುವ ಕೆಲಸಗಾರರಿಗೆ ಅದನ್ನು ಮರೆಯದೆ ಹೇಳಿ.

ಒಂದೇ ಕಡೆ ನೀರು ನಿಂತಿದ್ದರೆ ದೋಷ ಅಲ್ಲೇ ಇದೆ. ಬಚ್ಚಲು, ಪಾಯಿಖಾನೆ, ಅಡುಗೆಮನೆ ಮೂರರಲ್ಲೂ ಒಟ್ಟಿಗೆ ನೀರು ಏರಿದರೆ ದೋಷ ಮನೆಯ ಹೊರಗಿನ ಚರಂಡಿ ಕೊಳವೆಯಲ್ಲಿದೆ. ಕೂಡಲೆ ಮನೆಯಲ್ಲಿ ನೀರಿನ ಬಳಕೆಯನ್ನು ನಿಲ್ಲಿಸಿ. ಮಹಡಿಯವರಿಗೂ ಹೇಳಿ, ಏಕೆಂದರೆ ಅವರು ಚೆಲ್ಲಿದ್ದು ಕೆಳಗಿನವರ ಮನೆಯಲ್ಲಿ ಏಳುತ್ತದೆ. ಆಮೇಲೆ ನಗರಸಭೆಗೋ ಜಲಮಂಡಳಿಗೋ ತಿಳಿಸಿ. ಬೆಂಗಳೂರಿನಲ್ಲಿ ಜಲಮಂಡಳಿಯ ಸಂಖ್ಯೆ ೧೯೧೬.

ಗುಂಡಿಯೊಳಗೆ ಯಾರನ್ನೂ ಇಳಿಸಬೇಡಿ

ಈ ಲೇಖನದಲ್ಲಿ ನೀವು ಬೇರೆಲ್ಲವನ್ನೂ ಮರೆತರೂ ಇದೊಂದನ್ನು ಮರೆಯಬಾರದು. ಚರಂಡಿ ಕಟ್ಟಿಕೊಂಡಿತೆಂದು, ಸೆಪ್ಟಿಕ್ ಟ್ಯಾಂಕು ತುಂಬಿತೆಂದು, ಕೂಲಿ ಕೊಟ್ಟು ಮನುಷ್ಯನನ್ನು ಒಳಗಿಳಿಸುವ ಪದ್ಧತಿ ನಮ್ಮಲ್ಲಿ ಬಹುಕಾಲ ನಡೆದುಬಂತು. ಹಾಗೆ ಇಳಿದವರಲ್ಲಿ ಎಷ್ಟೋ ಜನ ಮೇಲೆ ಬರಲಿಲ್ಲ.

ಕಾರಣ ಹೀಗಿದೆ. ಕೊಳೆಯುವ ಮಲದಿಂದ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಹುಟ್ಟುತ್ತದೆ. ಅದು ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ನಾತ. ಹೆಚ್ಚಾದಂತೆ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ನಾತ ನಿಂತಿತು, ಗಾಳಿ ಶುದ್ಧವಾಯಿತು ಎಂದು ಇಳಿದವನು ಭಾವಿಸುವ ಆ ಕ್ಷಣವೇ ಅವನ ಕೊನೆಯ ಕ್ಷಣವಾಗಬಹುದು. ಅದರ ಜೊತೆಗೆ ಮೀಥೇನ್ ಇರುತ್ತದೆ, ಆಮ್ಲಜನಕ ಇರುವುದಿಲ್ಲ. ಬಾವಿಗೆ ದೀಪ ಇಳಿಸಿ ಗಾಳಿಯನ್ನು ಪರೀಕ್ಷಿಸುತ್ತಿದ್ದ ಹಳೆಯ ಕ್ರಮವನ್ನು ಇಲ್ಲಿ ಮಾಡಿದರೆ ಮೀಥೇನ್ ಹೊತ್ತಿ ಸಿಡಿಯಬಹುದು. ಒಳಗೆ ಬಿದ್ದವನನ್ನು ಎತ್ತಲು ಅಣ್ಣ ಇಳಿಯುತ್ತಾನೆ, ಅವನ ಹಿಂದೆ ನೆರೆಯವನು. ಹೀಗೆ ಒಂದು ಸಾವು ಮೂರಾಗುತ್ತದೆ. ಬಹುಕಾಲ ಮುಚ್ಚಿಟ್ಟ ಕುಡಿಯುವ ನೀರಿನ ಸಂಪಿನಲ್ಲೂ ಆಮ್ಲಜನಕ ಕಡಮೆಯಾಗಿರುವುದುಂಟು.

ಕಾನೂನೂ ಇದನ್ನು ತಡೆದಿದೆ. ಮಲ ಬಾಚುವ ಕೆಲಸಕ್ಕೆ ಜನರನ್ನು ನೇಮಿಸುವುದನ್ನು ನಿಷೇಧಿಸಿದ ೨೦೧೩ರ ಕೇಂದ್ರ ಅಧಿನಿಯಮದಂತೆ, ರಕ್ಷಣೆಯ ಸಲಕರಣೆಗಳಿಲ್ಲದೆ ಒಳಚರಂಡಿಯನ್ನಾಗಲಿ ಸೆಪ್ಟಿಕ್ ಟ್ಯಾಂಕನ್ನಾಗಲಿ ಕೈಯಿಂದ ಶುಚಿ ಮಾಡಿಸುವುದು ಅಪರಾಧ. ಮನೆಯ ಯಜಮಾನರಿಗೂ ಇದು ಅನ್ವಯಿಸುತ್ತದೆ. ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಸೆರೆ, ಅಥವಾ ಎರಡು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ೧೦ ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು ೨೦೧೪ರಲ್ಲಿ ಆಜ್ಞೆ ಮಾಡಿತು. ೨೦೨೩ರ ಅಕ್ಟೋಬರಿನಲ್ಲಿ ಆ ಮೊತ್ತವನ್ನು ೩೦ ಲಕ್ಷಕ್ಕೆ ಏರಿಸಿತು. ದುಡ್ಡಿನ ಮಾತು ಹಾಗಿರಲಿ. ನಮ್ಮ ಬಚ್ಚಲಿನ ಕೊಳೆಗಾಗಿ ಇನ್ನೊಬ್ಬರ ಮನೆಯ ದೀಪ ಆರಬಾರದು. ಹೀರುವ ಯಂತ್ರದ ಗಾಡಿಗೆ ಒಂದು ದಿನ ಕಾಯಬೇಕಾಗಿ ಬಂದರೆ ಕಾಯಿರಿ. ಅಷ್ಟು ದಿನ ನೆರೆಮನೆಯ ಬಚ್ಚಲನ್ನು ಕೇಳಿ ಬಳಸುವುದರಲ್ಲಿ ನಾಚಿಕೆಯೇನೂ ಇಲ್ಲ. ಯಾರಾದರೂ ಆಗಲೇ ಒಳಗೆ ಬಿದ್ದಿದ್ದರೆ ನೀವು ಇಳಿಯದೆ, ಇತರರನ್ನೂ ಇಳಿಯಗೊಡದೆ, ೧೧೨ಕ್ಕೆ ಕರೆ ಮಾಡಿ.

ಕುಡಿಯುವ ಮೊದಲು

ಕೊಳವೆ ಸರಿಯಾದ ಕೂಡಲೆ ನೀರು ಕುಡಿಯಲು ಯೋಗ್ಯವಾಯಿತೆಂದಲ್ಲ. ಬರಿದಾದ ಕೊಳವೆ ಬಿರುಕುಗಳ ಮೂಲಕ ಸುತ್ತಲಿನ ಕೊಳೆನೀರನ್ನು ಒಳಗೆಳೆದುಕೊಳ್ಳುತ್ತದೆ. ಆದುದರಿಂದ ಮೊದಲು ಬಂದ ಕೆಂಪುನೀರನ್ನು ಹೊರಗೆ ಬಿಡಿ. ಒಂದೆರಡು ದಿನ, ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿದ ನೀರನ್ನೇ ಕುಡಿಯಿರಿ. ಬೀದಿಯ ಕೊಳವೆಗೆ ನೇರವಾಗಿ ಮೋಟಾರು ಹಚ್ಚಿ ಎಳೆಯುವುದು ಅಕ್ರಮವಷ್ಟೇ ಅಲ್ಲ. ನೆರೆಯವರ ಪಾಲಿನ ನೀರಿನ ಜೊತೆಗೆ ಚರಂಡಿಯ ನೀರನ್ನೂ ನಿಮ್ಮ ಸಂಪಿಗೆ ತರುವ ದಾರಿ. ಕೊಳೆನೀರು ಸಂಪಿಗೆ ಸೇರಿದ್ದರೆ ಎಲ್ಲ ನೀರನ್ನೂ ಹೊರಗೆ ಹಾಕಿಸಿ, ಬಲ್ಲವರಿಂದ ಎಚ್ಚರಿಕೆಯಿಂದ ತೊಳೆಸಿ, ಹೊಸ ನೀರು ತುಂಬಿದ ಮೇಲೆ ೧,೦೦೦ ಲೀಟರಿಗೆ ಎರಡೂವರೆ ಗ್ರಾಮಿನಂತೆ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಮಾತ್ರ ಹಾಕಿ, ಒಂದು ಗಂಟೆ ಬಿಟ್ಟು ಬಳಸಿ.

ಕೊನೆಗೆ, ಮನೆಯಲ್ಲಿ ಒಂದು ಹಳೆಯ ಡಬ್ಬವನ್ನು ಇದಕ್ಕಾಗಿಯೇ ಇಡಿ. ಒಂದು ಸ್ಪ್ಯಾನರು, ತಿರುಪುಳಿ, ಟೆಫ್ಲಾನ್ ಟೇಪು, ನಿಮ್ಮ ನಲ್ಲಿಗಳ ಅಳತೆಯ ನಾಲ್ಕು ವಾಷರು, ಸೈಕಲ್ ಟ್ಯೂಬಿನ ತುಂಡು, ಎರಡು ಕ್ಲಿಪ್ಪು, ಎರಡು ಮರದ ಬೆಣೆ, ಹುರಿ, ಟಾರ್ಚು. ಡಬ್ಬದ ಮುಚ್ಚಳದ ಒಳಮೈಗೆ ಒಂದು ಕಾಗದ ಅಂಟಿಸಿ, ಮೂರು ವಾಲ್ವುಗಳು ಎಲ್ಲಿವೆ, ಪ್ಲಂಬರಿನ ಸಂಖ್ಯೆ ಯಾವುದು, ಮುಖ್ಯ ಸ್ವಿಚ್ಚು ಎಲ್ಲಿದೆ ಎಂದು ದಪ್ಪ ಅಕ್ಷರದಲ್ಲಿ ಬರೆದಿಡಿ. ಡಬ್ಬ ಇರುವ ಜಾಗ ಮನೆಯ ಚಿಕ್ಕ ಹುಡುಗನಿಗೂ ಗೊತ್ತಿರಲಿ. ಕನ್ನಡಕ ಹುಡುಕುವಷ್ಟರಲ್ಲಿ ನೀರು ನಡುಮನೆಗೆ ಬಂದಿರುತ್ತದೆ. ಅದನ್ನು ಓದಿ ಹೇಳಲು ಅವನೇ ಬೇಕಾದೀತು.